ಮಾಲಕರ ಕೈ ಒದ್ದೆಯಾದ ದಿನ

೨೦೦೫ರಲ್ಲಿ ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟೆ. ವಡಗಾವಿಯ ಮಗ್ಗಗಳಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಉದ್ಯಮಬಾಗದ ಒಂದು ವಾಶಿಂಗ್ ಸೆಂಟರಿಗೆ ಸೇರಿದೆ. ಅಲ್ಲಿನ ಮಾಲಕರ ಬಗ್ಗೆ ಮೊದಲು ಹೇಳಬೇಕಾದದ್ದು ಅವರ ಕೈ. ದಿನವಿಡೀ ನೀರು ಹರಿಯುವ ಜಾಗದಲ್ಲಿ ಕೂತಿದ್ದರೂ ಅವು ಸದಾ ಒಣಗಿರುತ್ತಿದ್ದವು. ಬೆರಳಿಗೆ ಬಂಗಾರದ ಉಂಗುರ, ಉಗುರಿನಲ್ಲಿ ಚೂರೂ ಕೊಳೆಯಿಲ್ಲ. ಗಾಡಿ ತೊಳೆಯುವ ಧಂದೆಯಲ್ಲಿದ್ದು ಅಂಥ ಕೈ ಇಟ್ಟುಕೊಳ್ಳಲು ಬಹಳ ಮೈಗಳ್ಳತನ ಬೇಕು.

ಅವರ ಅಭಿಮಾನವೆಲ್ಲ ಒಂದು ಪ್ರೆಶರ್ ಮಷಿನ್ ಮೇಲೆ. ಗಿರಾಕಿ ಬಂದರೆ ಗಾಡಿ ನೋಡುತ್ತಿರಲಿಲ್ಲ, ಮಷಿನ್ ತೋರಿಸುತ್ತಿದ್ದರು. "ಬರ್ರಿ, ಕುಂದರ್ರಿ. ಇದರ ಮುಂದ ಹೊಲಸು ನಿಲ್ಲೂದಿಲ್ರಿ." ಯಾರಾದರೂ ಮನೆ ಮುಂದೆ ಪೈಪು ಹಿಡಿದು ಕಾರು ತೊಳೆಯುವುದು ಕಂಡರೆ ನಗುತ್ತಿದ್ದರು: "ನೋಡ್ರಲೇ, ಬದನಿ ಗಿಡಕ್ಕ ನೀರ ಬಿಡಾಕತ್ಯಾನ!"

ಗಾಡಿ ಎಲ್ಲಿಂದ ಬಂತು ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಖಾನಾಪುರದ ಮಳೆಯಲ್ಲಿ ಓಡಾಡಿದ ಗಾಡಿಯ ಹೊಟ್ಟೆಗೆ ಮೆತ್ತಿದ ಮಣ್ಣು ಪೈಪಿಗೆ ಜಗ್ಗುವುದಿಲ್ಲ, ಅಲ್ಲಿ ಮಷಿನ್ ಬೇಕು. ಫೌಂಡ್ರಿ ಮುಂದೆ ನಿಂತ ಗಾಡಿಯ ಕರಿ ಧೂಳನ್ನು ಪೈಪಿನ ನೀರಿನಲ್ಲಿ ನಿಧಾನ ಇಳಿಸಬೇಕು. ಮತ್ತೆ ಬಣ್ಣ ಹೊಡೆಸಿದ ಹಳೇ ಗಾಡಿಗಂತೂ ಮಷಿನ್ನಿನ ಗನ್ನು ಹತ್ತಿರ ಹಿಡಿಯಲೇಬಾರದು. ಇದೇನು ದೊಡ್ಡ ವಿದ್ಯೆಯಲ್ಲ. ಗಾಡಿ ಮುಟ್ಟಿದವರಿಗೆಲ್ಲ ಗೊತ್ತಾಗುತ್ತದೆ.

ವಡಗಾವಿಯ ಒಬ್ಬ ನೇಕಾರ ಕಾಕಾ ಹಳೇ ಕಾರು ಕೊಂಡಿದ್ದರು. ಮಗಳನ್ನು ನೋಡಲು ಗಂಡಿನವರು ಬರುತ್ತಾರೆಂದು ಓಣಿಯ ಗ್ಯಾರೇಜಿನಲ್ಲಿ ಕೆಂಪು ಬಣ್ಣ ಹೊಡೆಸಿ, ತೊಳೆಯಲು ನಮ್ಮಲ್ಲಿ ಬಿಟ್ಟು ಚಹಾ ಕುಡಿಯಲು ಹೋದರು. ನಾನು ಪೈಪು ಎತ್ತಿಕೊಂಡೆ.

"ಏನಲೇ ಅದು?"

"ಮಾಲಕ್ರ, ಇದು ಗ್ಯಾರೇಜಿನ ಬಣ್ಣ ಐತ್ರಿ. ಪೈಪಿಲೆ ತೊಳೀತೇನ್ರಿ."

"ಪೈಪಿಲೆ ನಿಮ್ಮ ಎಮ್ಮಿ ತೊಳಿ. ಗಾಡಿ ತೊಳ್ಯಾಕ ನಾ ಮಷಿನ್ ತಂದೇನಿ. ಸರಿ ಆ ಕಡೆ!"

ನನಗೆ ಪಾಠ ಕಲಿಸುವ ಉಮೇದಿನಲ್ಲಿ ತಾವೇ ಗನ್ನು ಕಸಿದುಕೊಂಡು ಕಾರಿನ ಬಾಗಿಲಿಗೆ ಗೇಣು ದೂರದಿಂದ ನೀರು ಬಿಟ್ಟರು. ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಬಣ್ಣ ಎದ್ದು ನೆಲಕ್ಕೆ ಬಿತ್ತು.

ಕಾಕಾ ಬರುವಷ್ಟರಲ್ಲಿ ಮಾಲಕರು ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಕುರ್ಚಿಯಲ್ಲಿದ್ದರು. "ನಮ್ಮ ಹುಡುಗ ಮಾಡ್ಯಾನ್ರಿ. ಸಾಲಿ ಬಿಟ್ಟವ್ರ ಕೈಯಾಗ ಮಷಿನ್ ಕೊಟ್ರ ಹಿಂಗ ಆಗತದ."

ಕಾಕಾ ನಮ್ಮದೇ ಓಣಿಯ ಹಿರಿಯರು. ಅವರು ನಂಬಿಬಿಟ್ಟರೆ ವಡಗಾವಿಯಲ್ಲಿ ಇನ್ನು ಯಾರೂ ನನ್ನ ಕೈಗೆ ಒಂದು ಸೈಕಲ್ ಸಹ ಕೊಡುತ್ತಿರಲಿಲ್ಲ. ಕಾಕಾ ಬಾಗಿಲು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕುರ್ಚಿಯ ಕಡೆ ತಿರುಗಿದರು.

"ಹುಡುಗನ ಅಂಗಿ ಒಣಗೇತಿ. ತೊಯ್ದಿದ್ದು ನಿಮ್ಮ ತೋಳು. ಖರೇ ಹೌದಲ್ರಿ?"

ಮಾಲಕರು ತಮ್ಮ ತೋಳನ್ನು ಹಾವು ಕಂಡವರಂತೆ ನೋಡಿಕೊಂಡರು. ತಪ್ಪಾಯಿತು ಅನ್ನಲಿಲ್ಲ. ನನ್ನ ಕಡೆ ತಿರುಗಿ, "ನಾಳಿಂದ ಬರಬ್ಯಾಡ," ಎಂದರು. ಅವರ ದೊಡ್ಡಸ್ತಿಕೆ ಅಷ್ಟೇ ಇತ್ತು.

"ನಡಿ ತಮ್ಮಾ," ಎಂದರು ಕಾಕಾ. "ನಮ್ಮ ಮನಿ ಮುಂದ ನಳ ಐತಿ. ಇನ್ನ ಮುಂದ ಈ ಗಾಡಿ ನೀನ ತೊಳಿ." ಆ ನಳಕ್ಕೆ ಪೈಪು ಸಿಕ್ಕಿಸಿ ನಾನು ಧಂದೆ ಶುರು ಮಾಡಿದೆ. ಮೊದಲು ಆ ಓಣಿ, ಆಮೇಲೆ ಬಾಜು ಓಣಿ, ಕೊನೆಗೆ ಖಾನಾಪುರ ರಸ್ತೆಯಲ್ಲಿ ಸ್ವಂತ ಶೆಡ್ಡು.

ಬಹಳ ವರ್ಷದ ಮೇಲೆ ಮಾಲಕರು ಆ ಶೆಡ್ಡಿಗೆ ಬಂದರು. ಕಾರಿನ ಒಂದು ಮಗ್ಗುಲು ಎಲ್ಲೋ ತಾಗಿ, ಆ ಕಡೆ ಹೊಸ ಬಣ್ಣ ಹೊಡೆಸಿದ್ದರು. ಇಳಿಯಲಿಲ್ಲ; ಗಾಜು ಬೆರಳಷ್ಟೇ ಇಳಿಸಿದರು.

"ಪೈಪಿಲೆ ತೊಳೀಪಾ. ಮಷಿನ್ ಹಚ್ಚಬ್ಯಾಡ."

"ಯಾಕ್ರಿ ಮಾಲಕ್ರ? ಬದನಿ ಗಿಡ ಏನ್ರಿ ಇದು?"

ಗಾಜು ಮೇಲೇರಿತು. ನಾನು ಪೈಪಿನಿಂದಲೇ ತೊಳೆದೆ, ಒಂದು ಕಲೆ ಬಿಡದೆ ಒರೆಸಿದೆ. ಅವರು ದುಡ್ಡು ಕೊಟ್ಟು ಹೋದರು. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಎದೆಯ ಮೇಲೆ ಜೋಡಿಸಿದ್ದ ಆ ಕೈಗಳು ಅಷ್ಟೇ ನುಣುಪಾಗಿದ್ದವು. ಅವರು ನನ್ನನ್ನು ಹೊರಗೆ ಹಾಕದಿದ್ದರೆ ನಾನು ಇಂದಿಗೂ ಅವರ ಕುರ್ಚಿಯ ಬಾಜು ನಿಂತಿರುತ್ತಿದ್ದೆ. ಅವರ ಉಪಕಾರ ಅದೊಂದೇ.

ಅವರ ಮಕ್ಕಳು ಸೆಂಟರು ಮುಚ್ಚಿದಾಗ ಆ ಮಷಿನ್ ನಾನೇ ಕೊಂಡೆ. ಗಾಡಿಯ ಹೊಟ್ಟೆ ತೊಳೆಯಲು ಅದು ಸಾಕು.

ಈಗ ನನ್ನ ಹತ್ತಿರ ಎರಡು ಶೆಡ್ಡು, ನಾಲ್ಕು ಪೈಪು, ಒಂದು ಮಷಿನ್, ಆರು ಜನ ಕೆಲಸಗಾರರು. ಕುರ್ಚಿ ಇಲ್ಲ.