ಶುಕ್ರವಾರದ ಎಣ್ಣೆ

೧೯೪೬ರ ಕೊನೆಯಲ್ಲಿ ನಾನು ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ರಸ್ತೆಯ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮೋಟಾರು ರಿಪೇರಿ ಮಾಡುತ್ತಿದ್ದೆ. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು, ನೀರೆತ್ತುವ ಎಂಜಿನ್ನು, ಇವೇ ನನ್ನ ಹೊಟ್ಟೆಪಾಡು. ಯುದ್ಧಕಾಲದ ಪೆಟ್ರೋಲ್ ರೇಷನ್ನಿನಿಂದ ಮೂಲೆ ಸೇರಿದ್ದ ಗಾಡಿಗಳೂ ಆಗ ಒಂದೊಂದಾಗಿ ಬರತೊಡಗಿದ್ದವು. ನಿಂತ ಗಾಡಿಯನ್ನು ಹೊರಡಿಸುವುದು ನನಗೆ ಹೊಸದೇನಲ್ಲ. ಆದರೆ ಬಾಗಲೂರಿನ ಮುನಿರಾಜು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತರುವಂತೆ ತಂದ ಆ ಮೋಟಾರ್ ಸೈಕಲ್ ಮಾತ್ರ ಇಂದಿಗೂ ಮನಸ್ಸಿನಿಂದ ಇಳಿದಿಲ್ಲ.

ಸೀಮೆಗೆ ವಾಪಸು ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಅವನು ಅದನ್ನು ಕೊಂಡಿದ್ದ. ಆಮೇಲೆ ಸೈನ್ಯದಲ್ಲಿ ಡ್ರೈವರಾಗಿ ಬರ್ಮಾದ ಕಡೆ ಹೋದ. ಮರಳಿ ಬಂದಾಗ ಎಡಮೊಣಕಾಲು ಮಡಚುತ್ತಿರಲಿಲ್ಲ. ನೇಗಿಲ ಹಿಂದೆ ನಡೆಯುವಂತಿಲ್ಲ. ಹೊಲ ಅಣ್ಣನ ಕೈಯಲ್ಲಿತ್ತು, ಊಟಕ್ಕೆ ಕರೆಯುವ ಅತ್ತಿಗೆಯ ದನಿ ಆಗಲೇ ಬದಲಾಗಿತ್ತಂತೆ. ಉಳಿದದ್ದು ಒಂದೇ ದಾರಿ. ಹೊಸೂರಿನ ಟೆಂಟ್ ಸಿನಿಮಾದವರಿಗೆ ಕೃಷ್ಣಗಿರಿಯಲ್ಲೂ ಒಂದು ಟೆಂಟ್ ಇತ್ತು, ಆದರೆ ಚಿತ್ರದ ಪ್ರತಿ ಒಂದೇ. ಇಲ್ಲಿ ಮೊದಲನೇ ಆಟ ಮುಗಿದ ಕೂಡಲೇ ರೀಲಿನ ಡಬ್ಬಗಳನ್ನು ಅಲ್ಲಿನ ಎರಡನೇ ಆಟಕ್ಕೆ ಮುಟ್ಟಿಸಲು ಸ್ವಂತ ಗಾಡಿಯಿರುವ ಆಳು ಬೇಕಿತ್ತು. ಸಂಕ್ರಾಂತಿಯೊಳಗೆ ಗಾಡಿ ಓಡಿಸಿ ತೋರಿಸಿದರೆ ಕೆಲಸ ನಿನ್ನದು ಎಂದಿದ್ದರು.

ಹೊರಗಿನಿಂದ ನೋಡಿದರೆ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಟ್ಯಾಂಕಿನಲ್ಲಿ ಮುಖ ಕಾಣುತ್ತಿತ್ತು. ಆದರೆ ಕಿಕ್ಕರ್ ಮೇಲೆ ನನ್ನ ಭಾರವನ್ನೆಲ್ಲ ಬಿಟ್ಟು ನಿಂತರೂ ಅದು ಕೆಳಗಿಳಿಯಲಿಲ್ಲ.

"ಇಷ್ಟು ಚೆನ್ನಾಗಿ ನೋಡ್ಕೊಂಡೋರು ಯಾರಪ್ಪಾ?" ಎಂದೆ.

"ನಾನೇ ಕಣಪ್ಪ," ಎಂದು ಅವನ ತಾಯಿ ಮುನಿಯಮ್ಮ ಎತ್ತಿನ ಗಾಡಿಯಿಂದ ಇಳಿದರು. "ಎಣ್ಣೆ ಬಿಡ್ತಾ ಇರವ್ವಾ, ಇಲ್ದಿದ್ರೆ ತುಕ್ಕು ಹಿಡೀತದೆ ಅಂತ ಪ್ಲಗ್ಗು ಬಿಚ್ಚೋದು ತೋರಿಸ್ಬುಟ್ಟು ಹೋಗಿದ್ದ. ಡಬ್ಬೀಲಿದ್ದ ಎಣ್ಣೆ ಆಗೋಯ್ತು. ಆಮ್ಯಾಕೆ ನಮ್ಮನೇ ಹರಳೆಣ್ಣೇನೆ. ಶುಕ್ರವಾರ ನನ್ ತಲೆಗೆ ಎಷ್ಟೋ, ಅದ್ಕೂ ಅಷ್ಟೇ. ಒಂದ್ ವಾರಾನೂ ತಪ್ಪಿಸ್ಲಿಲ್ಲ."

"ನಂಗಿಂತ ಅದ್ಕೇ ಜಾಸ್ತಿ ತಿನ್ಸವ್ಳೆ ಕಣಣ್ಣ," ಎಂದು ಮುನಿರಾಜು ನಕ್ಕ.

ನನಗೆ ನಗು ಬರಲಿಲ್ಲ. ಹರಳೆಣ್ಣೆ ಎಂಜಿನ್ನಿಗೆ ಕೆಟ್ಟದ್ದಲ್ಲ. ಓಡುವ ಎಂಜಿನ್ನಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ನಿಂತ ಎಂಜಿನ್ನಿನಲ್ಲಿ ವರ್ಷಗಟ್ಟಲೆ ಕೂತರೆ ಹಲಸಿನ ಅಂಟಿನಂತೆ ಬಿಗಿದುಕೊಳ್ಳುತ್ತದೆ. ಸಿಲಿಂಡರಿನ ತಲೆ ಬಿಚ್ಚಿದೆ. ಮೇಲೆ ಕೆಳಗೆ ಆಡಬೇಕಾದ ಪಿಸ್ಟನ್ನು ಜೇನುಬಣ್ಣದ ಗಟ್ಟಿ ಪಾಕದಲ್ಲಿ ಹೂತುಹೋಗಿತ್ತು.

ಸೀಮೆಎಣ್ಣೆ ಸುರಿದೆ, ಅಲುಗಲಿಲ್ಲ. ಸೋಡಾ ಹಾಕಿದ ಕುದಿನೀರಿಗೂ ಜಗ್ಗಲಿಲ್ಲ. ಹರಳೆಣ್ಣೆ ಕರಗಬೇಕಾದರೆ ಸ್ಪಿರಿಟ್ಟು ಬೇಕು. ನಮ್ಮ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ, ಸ್ಪಿರಿಟ್ಟು ಎಂದು ಬಾಯಿಬಿಟ್ಟರೂ ಪೊಲೀಸರ ಕಣ್ಣು. ಆದರೆ ಬಾಗಲೂರಿನಿಂದ ಆಚೆ ಕಾಲಿಟ್ಟರೆ ಮೈಸೂರು ಸೀಮೆ. ಮುನಿರಾಜು ಹುಲ್ಲಿನ ಹೊರೆಯೊಳಗೆ ಸಾರಾಯಿ ಬಾಟಲಿಗಳನ್ನಿಟ್ಟು ತಂದ.

ಪಕ್ಕದ ಚಹಾ ಅಂಗಡಿಯ ಪೆರುಮಾಳು ಮೂಗರಳಿಸಿಕೊಂಡು ಬಂದ. "ಎನ್ನಾ ಮೇಸ್ತ್ರಿ, ಸಾರಾಯಂ ವಂಡಿಕ್ಕಾ, ಉನಕ್ಕಾ?"

"ಗಾಡಿಗೇ ಕಣಯ್ಯಾ, ನಂಗಲ್ಲ. ನೀನು ಬಾಯಿ ಮುಚ್ಚಿಕೊಂಡಿದ್ರೆ ನಿಂಗೂ ಒಂದು ತೊಟ್ಟು."

ದಿನವೂ ಬೆಳಿಗ್ಗೆ ಸಾರಾಯಿ ತುಂಬಿಸಿ, ಸಂಜೆ ಬಸಿದು, ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತಿದ್ದೆ. ಕೊನೆಗೊಂದು ದಿನ ಪಿಸ್ಟನ್ನು ಜಾರಿತು. ಒಂದು ರಿಂಗು ಮುರಿದಿತ್ತು, ಬಸ್ಸಿನ ಹಳೆಯ ರಿಂಗನ್ನು ಅರದಲ್ಲಿ ಉಜ್ಜಿ ಕೂರಿಸಿದೆ. ಕಿಡಿ ಕೊಡುವ ಮ್ಯಾಗ್ನೆಟೋ ಬಿಸಿಲಲ್ಲಿ ಒಣಗಿಸಿದೆ. ಅಸಲು ತೊಂದರೆ ಇದ್ದದ್ದು ಇನ್ನೂ ಒಳಗೆ. ಪಿಸ್ಟನ್ನನ್ನು ತಿರುಗಿಸುವ ಕ್ರ್ಯಾಂಕಿನೊಳಗೆ ಎಣ್ಣೆ ಹರಿಯಲು ಹುಲ್ಲುಕಡ್ಡಿಯಷ್ಟು ಸಣ್ಣ ದಾರಿಯಿರುತ್ತದೆ. ಅದು ಕಟ್ಟಿಹೋಗಿತ್ತು; ಎಣ್ಣೆ ಹರಿಯದೆ ಕಾದ ಎಂಜಿನ್ನು ದಾರಿಯಲ್ಲೇ ಕಚ್ಚಿಕೊಳ್ಳುತ್ತದೆ. ಕ್ರ್ಯಾಂಕನ್ನು ಬಿಚ್ಚಿ ಮತ್ತೆ ನೇರಕ್ಕೆ ಕೂರಿಸುವ ಪ್ರೆಸ್ಸು ಇದ್ದದ್ದು ಬೆಂಗಳೂರಿನಲ್ಲಿ. ಅಲ್ಲಿಗೆ ಕಳಿಸಿದರೆ ಸಂಕ್ರಾಂತಿ ದಾಟುತ್ತಿತ್ತು.

ಮುನಿರಾಜುವನ್ನು ಕೂರಿಸಿಕೊಂಡು ಹೇಳಿದೆ: "ಇದು ಸ್ಟಾರ್ಟ್ ಆಗ್ತದೆ. ಓಡಲ್ಲ."

"ಕೃಷ್ಣಗಿರಿ ಮುಟ್ತದಾ?"

"ಮುಟ್ಟಿದ್ರೆ ನಿನ್ನ ಪುಣ್ಯ."

ಅವನು ಮೊಣಕಾಲು ನೀವಿಕೊಂಡ. "ತೋರಿಸ್ದೆ ಹೋದ್ರೂ ಕೆಲ್ಸ ಇಲ್ಲ. ಕೂರ್ಸಣ್ಣ. ಇನ್ನೊಂದು, ಅವ್ವುಂಗೆ ಎಣ್ಣೆ ಸುದ್ದಿ ಎತ್ಬ್ಯಾಡ. ತುಕ್ಕು ಅಂದ್ಬುಡು."

ಹಬ್ಬದ ಹಿಂದಿನ ದಿನ ಎಂಜಿನ್ನು ಹೊತ್ತಿಕೊಂಡಿತು. ಮುನಿಯಮ್ಮ ಟ್ಯಾಂಕಿನ ಮೇಲೆ ಅಂಗೈಯಿಟ್ಟು, ಅದರ ನಡುಕ ತೋಳಿಗೇರುತ್ತಿದ್ದರೂ ತೆಗೆಯದೆ ನಿಂತರು. ಟೆಂಟಿನ ಯಜಮಾನರು ಸದ್ದು ಕೇಳಿ ಒಪ್ಪಿ, ಅಂದೇ ಡಬ್ಬಗಳನ್ನು ಕಟ್ಟಿಕೊಟ್ಟರು. ಅರ್ಧದಾರಿಯಲ್ಲಿ, ಶೂಳಗಿರಿಯ ಹತ್ತಿರದ ಏರಿನಲ್ಲಿ ಎಂಜಿನ್ನು ಕಚ್ಚಿಕೊಂಡಿತು. ಒಳಗಿನ ರಾಡು ಮುರಿದು ಕೇಸನ್ನು ಸೀಳಿಕೊಂಡು ಹೊರಬಂತು. ಬೆಲ್ಲದ ವ್ಯಾಪಾರಿಯ ಲಾರಿಯೊಂದು ಅವನನ್ನೂ ಡಬ್ಬಗಳನ್ನೂ ಹತ್ತಿಸಿಕೊಂಡು ಕೃಷ್ಣಗಿರಿ ತಲುಪುವ ಹೊತ್ತಿಗೆ ಜನ ಬೈದು ಎದ್ದುಹೋಗಿದ್ದರು. ಕೆಲಸ ಬೇರೆಯವನಿಗಾಯಿತು.

ಹಬ್ಬ ಕಳೆದು ಗಾಡಿ ಮತ್ತೆ ನನ್ನ ಶೆಡ್ಡಿಗೆ ಬಂತು. ನೋಡಲು ಏನೂ ಉಳಿದಿರಲಿಲ್ಲ. "ಹಳೇ ಕಬ್ಬಿಣ, ಅವ್ವಾ. ಒಳಗೊಳಗೇ ತುಕ್ಕು ತಿಂದಿತ್ತು," ಎಂದೆ.

ಮುನಿಯಮ್ಮ ತಲೆಯಾಡಿಸಿದರು. "ನಾನ್ ಎಣ್ಣೆ ಬಿಡ್ದೆ ಹೋಗಿದ್ರೆ ಅಷ್ಟ್ ದೂರಾನೂ ಹೋಗ್ತಿರ್ಲಿಲ್ಲ, ಅಲ್ವೇನಪ್ಪಾ?"

ಮುನಿರಾಜು ನನ್ನನ್ನೇ ನೋಡುತ್ತಿದ್ದ.

"ಹೋಗ್ತಿರ್ಲಿಲ್ಲವ್ವಾ," ಎಂದೆ.

ಬೇಸಿಗೆಯಲ್ಲಿ ಪಂಪಿನ ಕೆಲಸಕ್ಕೆ ಬಾಗಲೂರಿಗೆ ಹೋದವನು ಅವರ ಮನೆಗೆ ಹೊಕ್ಕೆ. ಮುನಿರಾಜು ಕೊಟ್ಟಿಗೆಯ ನೆರಳಲ್ಲಿ, ಆ ಕಾಲನ್ನು ನೀಡಿಕೊಂಡು ಅಣ್ಣನ ಎತ್ತುಗಳಿಗೆ ಹಗ್ಗ ಹೊಸೆಯುತ್ತಿದ್ದ. ಬಾ ಎನ್ನಲೂ ತಲೆಯೆತ್ತಲಿಲ್ಲ. ಅವನ ಹಿಂದೆ ಒಡೆದ ಎಂಜಿನ್ನಿನ ಗಾಡಿ ಹೊಳೆಯುತ್ತಿತ್ತು. ಮುನಿಯಮ್ಮ ಪ್ಲಗ್ಗು ಬಿಚ್ಚಿ ಬಟ್ಟಲಿನಿಂದ ಎಣ್ಣೆ ಬಿಡುತ್ತಿದ್ದರು.

"ಮತ್ತೆ ನಿಂತೈತಲ್ಲಪ್ಪಾ, ನೋಡ್ಕೋಬೇಕಲ್ಲ," ಎಂದರು.

ಈಗಲೂ ನಿಂತ ಗಾಡಿಗಳು ನನ್ನಲ್ಲಿಗೆ ಬರುತ್ತವೆ. ಎಷ್ಟು ದಿನ ನಿಂತಿತ್ತು ಎಂದು ನಾನು ಮೊದಲು ಕೇಳುವುದಿಲ್ಲ. ಇಷ್ಟು ದಿನ ಅದನ್ನು ನೋಡಿಕೊಂಡವರು ಯಾರು, ಹೇಗೆ ನೋಡಿಕೊಂಡರು ಎಂದು ಕೇಳುತ್ತೇನೆ. ಕೆಟ್ಟದ್ದು ಎಲ್ಲಿ ಎಂಬುದು ಸಾಮಾನ್ಯವಾಗಿ ಆ ಉತ್ತರದಲ್ಲೇ ಸಿಗುತ್ತದೆ. ಆದರೆ ಅದನ್ನು ಕೇಳುವ ಮೊದಲು ಗಾಡಿಯವನನ್ನು ಒಬ್ಬನನ್ನೇ ಪೆರುಮಾಳುವಿನ ಅಂಗಡಿಗೆ ಚಹಾಕ್ಕೆ ಕರೆದುಕೊಂಡು ಹೋಗುತ್ತೇನೆ.