ಬಾನೆಟ್ಟಿನ ಬಿಸಿ

ನನ್ನ ಅಕ್ಕನ ಮಗಳು ಬೊಯಿಖುತ್ಸೊ ಕೂತು ಊಟ ಮಾಡಿದ್ದನ್ನು ನಾನಂತೂ ನೋಡಿಲ್ಲ. ತಟ್ಟೆ ಎಡಗೈಯಲ್ಲಿ, ತುತ್ತು ಬಲಗೈಯಲ್ಲಿ, ಕಣ್ಣು ಗೇಟಿನ ಕಡೆ. ಚರ್ಚಿನಲ್ಲಿ ಬಾಗಿಲ ಪಕ್ಕ ನಿಂತೇ ಪ್ರಾರ್ಥನೆ ಮುಗಿಸುತ್ತಾಳೆ. ಪಾದ್ರಿ ಆಮೆನ್ ಅನ್ನುವ ಹೊತ್ತಿಗೆ ಅವಳು ಅರ್ಧ ದಾರಿ ದಾಟಿರುತ್ತಾಳೆ. ನಮ್ಮ ಭಾಷೆಯಲ್ಲಿ ಅವಳ ಹೆಸರಿಗೆ ವಿಶ್ರಾಂತಿ ಅಂತ ಅರ್ಥ. ನನ್ನ ಅಕ್ಕ ಏನು ನೋಡಿ ಆ ಹೆಸರಿಟ್ಟಳೋ, ದೇವರೇ ಬಲ್ಲ.

ವಯಸ್ಸು ನಲವತ್ತಮೂರು, ಮೂರು ಮಕ್ಕಳ ತಾಯಿ. ಬೆಳಗ್ಗೆ ಶಾಲೆಯ ಗೇಟಿನ ಹತ್ತಿರ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಮಾರುತ್ತಾಳೆ. ಆದರೆ ಅವಳ ನಿಜವಾದ ದುಡಿಮೆ ಇರುವುದು ವರ್ಷಕ್ಕೆ ಎರಡು ಸಲ, ಮೊಪಾನೆ ಮರಗಳಲ್ಲಿ ನಾವು ತಿನ್ನುವ ಫಾನೆ ಹುಳು ಬಂದಾಗ. ನಮ್ಮ ಕಡೆಯ ಹೆಂಗಸರು ಆಗ ಮನೆ ಬಿಟ್ಟು ಕಾಡಿನಲ್ಲೇ ಬಿಡಾರ ಹೂಡುತ್ತಾರೆ. ಹುಳು ಆರಿಸಬೇಕು, ಹೊಟ್ಟೆ ಹಿಂಡಿ ಹಸಿರು ತೆಗೆಯಬೇಕು, ಉಪ್ಪುನೀರಲ್ಲಿ ಬೇಯಿಸಿ ಬಿಸಿಲಿಗೆ ಹರವಬೇಕು. ಅಲ್ಲಿಯವರೆಗೆ ಎಲ್ಲಾ ಅವರ ಕೈಯಲ್ಲೇ. ಆಮೇಲೆ ಮೂಟೆಗಳನ್ನು ಟಾರು ರಸ್ತೆಗೆ ಮುಟ್ಟಿಸುವುದಿದೆಯಲ್ಲ, ಅದು ಗಾಡಿ ಇದ್ದವರ ಕೈಯಲ್ಲಿ.

ಹೋದ ವರ್ಷ ಬೊಯಿಖುತ್ಸೊ ಆರು ಮೂಟೆ ಕಟ್ಟಿಕೊಂಡು ಮಣ್ಣುದಾರಿಯ ಪಕ್ಕ ನಾಲ್ಕು ದಿನ ಕಾದಳು. ಕಾದಳು ಅಂದರೆ ಅತ್ತಿಂದಿತ್ತ ನಡೆದಳು ಅಂತ ತಿಳಿಯಿರಿ. ಬರುತ್ತೇನೆ ಅಂದಿದ್ದ ಗಾಡಿಯವನು ಬರಲಿಲ್ಲ. ಮೂರನೇ ದಿನ ಮಳೆ ಬಂತು. ಆರು ಮೂಟೆಗೂ ಬೂಷ್ಟು ಹಿಡಿಯಿತು. ತಾನೇ ಗುಂಡಿ ತೋಡಿ ಹೂತು, ಮನೆಗೆ ಬಂದು, ಕಾಲು ಕೂಡ ತೊಳೆಯದೆ ನನ್ನ ಮುಂದೆ ನಿಂತು ಹೇಳಿದಳು: "ಮಾವ, ಮುಂದಿನ ಸಲ ನನ್ನ ಮೂಟೆ ನನ್ನ ಗಾಡೀಲೇ ಹೋಗ್ಬೇಕು." ಓಡಿಸುವುದನ್ನು ಅವಳು ಯಾವಾಗಲೋ ಕಲಿತಿದ್ದಳು. ಇಡೀ ವರ್ಷ ಹೊಸ ಚಪ್ಪಲಿ ಕೊಳ್ಳಲಿಲ್ಲ.

ಡಿಸೆಂಬರ್ ಬಂತು. ಮಂಗಳವಾರ ಬೆಳಗ್ಗೆ ಸುದ್ದಿ ಬಂತು, ಫಾನೆ ಬಲಿತಿದೆ, ಶುಕ್ರವಾರ ಹೆಂಗಸರು ಕಾಡಿಗೆ ಹೊರಡುತ್ತಾರೆ ಅಂತ. ಅದೇ ಬಾಯಲ್ಲಿ ಇನ್ನೊಂದು ಸುದ್ದಿ: ಬೊಬೊನೊಂಗಿನಲ್ಲಿ ಸೆಬೆಗೊ ಅನ್ನುವ ಗಾರೆ ಮೇಸ್ತ್ರಿ ತನ್ನ ಹಳೇ ಡೀಸೆಲ್ ಪಿಕಪ್ ಮಾರುತ್ತಿದ್ದಾನೆ. ನಮ್ಮಲ್ಲಿ ಇಂಥ ದೊಡ್ಡ ಕೊಳ್ಳುವಿಕೆಗೆ ಸೋದರಮಾವ ಇಲ್ಲದೆ ಹೋಗುವುದಿಲ್ಲ. ಅದೂ ಅಲ್ಲದೆ ನಾನು ಮೂವತ್ತೊಂದು ವರ್ಷ ದನದ ಕೊಳವೆಬಾವಿಯ ಡೀಸೆಲ್ ಎಂಜಿನ್ ನೋಡಿಕೊಂಡವನು. ಎಂಜಿನ್ ಕೆಮ್ಮುವ ಮೊದಲೇ ನನ್ನ ಕಿವಿಗೆ ಗೊತ್ತಾಗುತ್ತದೆ ಅಂತ ಊರೆಲ್ಲ ಹೇಳುತ್ತಿತ್ತು. ನಾನೂ ಹೇಳಿಕೊಳ್ಳುತ್ತಿದ್ದೆ, ಸುಳ್ಳು ಯಾಕೆ.

ಬುಧವಾರ ಬಸ್ಸಿನಲ್ಲಿ ಅವಳಿಗೆ ಪಾಠ ಮಾಡಿದೆ.

"ಡೀಸೆಲ್ ಗಾಡೀನ ತಣ್ಣಗಿರುವಾಗ್ಲೇ ನೋಡ್ಬೇಕು, ತಿಳೀತಾ? ಬಿಸಿ ಎಂಜಿನ್ ಎಂಥಾ ಮುದಿಯಾದ್ರೂ ಹಾಡುತ್ತೆ. ಕಳ್ಳರು ಗಿರಾಕಿ ಬರೋ ಮುಂಚೆ ಅರ್ಧ ಗಂಟೆ ಓಡಿಸಿ ಇಟ್ಟಿರ್ತಾರೆ. ಅದಕ್ಕೇ ಮೊದ್ಲು ಬಾನೆಟ್ ಮೇಲೆ ಕೈ ಇಡ್ಬೇಕು."

"ಹೂಂ ಮಾವ. ಈ ಡ್ರೈವರ್‌ಗೆ ನಿದ್ದೆ ಬಂದಿದ್ಯಾ? ಕತ್ತೆ ಕೂಡ ಇದಕ್ಕಿಂತ ಬೇಗ ಹೋಗುತ್ತೆ."

"ಕೇಳಿಸ್ಕೋ. ಶುರು ಮಾಡಿದಾಗ ಬಿಳಿ ಹೊಗೆ ಬಂದ್ರೆ ಒಂದು ಕಾಯಿಲೆ, ನೀಲಿ ಹೊಗೆ ಬಂದ್ರೆ ಇನ್ನೊಂದು. ಎಣ್ಣೆ ಮುಚ್ಚಳ ತೆಗೆದು ನೋಡ್ಬೇಕು, ಅಲ್ಲಿಂದ ಭುಸ್ ಭುಸ್ ಅಂತ ಉಸಿರು ಬಂದ್ರೆ ಎದ್ದು ಬರೋದೇ."

"ಮಾವ, ಫ್ರಾನ್ಸಿಸ್‌ಟೌನಿಂದ ಇನ್ನೊಬ್ಬ ಮಧ್ಯಾಹ್ನ ಬರ್ತಾನಂತೆ ನೋಡೋಕೆ. ಬೇಗ ಮುಗಿಸ್ಬೇಕು."

"ಬೇಗ ಬೇಗ ಅಂತ ಕೊಂಡೋರೇ ಆಮೇಲೆ ತಳ್ಳೋದು. ಅಲ್ಲಿ ಮಾತು ನಂದು. ನೀನು ಸುಮ್ನೆ ಕೂತಿರು. ಮಾತು ಕೊಡು."

ಕಿಟಕಿಯ ಕಡೆ ತಿರುಗಿ, ಹಲ್ಲು ಕಚ್ಚಿ, ಮಾತು ಕೊಟ್ಟಳು.

ಸೆಬೆಗೊನ ಅಂಗಳಕ್ಕೆ ಹೋದಾಗ ಒಂಬತ್ತೂವರೆ. ಪಿಕಪ್ ಮೊರುಲಾ ಮರದ ನೆರಳಲ್ಲಿ ನಿಂತಿತ್ತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಹಿಂದಿನ ಬಾಗಿಲಿಗೆ ತಂತಿ ಸುತ್ತಿತ್ತು, ಆದರೆ ಚಕ್ರ ನಾಲ್ಕೂ ಒಂದೇ ಸಮ ಸವೆದಿದ್ದವು. ಅದು ಒಳ್ಳೆಯ ಲಕ್ಷಣ. ಬೊಯಿಖುತ್ಸೊ ಕಣ್ಣು ಅದರ ಮೇಲಿಂದ ಕೀಳಲಿಲ್ಲ. ಹೊಸ್ತಿಲು ದಾಟದೆ, ನಮಸ್ಕಾರ ಹೇಳದೆ ಇನ್ನೊಬ್ಬರ ಸಾಮಾನು ಮುಟ್ಟುವುದು ನಮ್ಮಲ್ಲಿ ಹೇಸಿಗೆಯ ಕೆಲಸ. ಆದರೂ ನಾನು ಮುಗ್ಗರಿಸಿದವನ ಹಾಗೆ ನಟಿಸಿ ಬಾನೆಟ್ಟಿಗೆ ಅಂಗೈ ಒತ್ತಿದೆ.

ಬಿಸಿ. ಪೂರಾ ನೆರಳಲ್ಲಿ ನಿಂತ ಗಾಡಿ, ಬೇಯಿಸಿಟ್ಟ ಹಾಗೆ ಬಿಸಿ.

ಸಿಕ್ಕಿಬಿದ್ದೆ ಮಗನೇ, ಅಂದುಕೊಂಡೆ. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಆ ಕ್ಷಣವೇ ನನ್ನ ಉಪಾಯ ತಯಾರಾಯಿತು. ಜಗಳ ಆಡಬಾರದು. ಎಂಜಿನ್ ತಾನಾಗಿ ತಣಿಯುವವರೆಗೆ ಕ್ಷೇಮ ಸಮಾಚಾರ ವಿಚಾರಿಸಬೇಕು. ಹಿರಿಯನೊಬ್ಬ ಕ್ಷೇಮ ವಿಚಾರಿಸುತ್ತಿರುವಾಗ ನಡುವೆ ಬಾಯಿ ಹಾಕುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ದುಮೆಲಾ ರ್ರಾ," ಅಂದೆ, ನಮಸ್ಕಾರ ಸ್ವಾಮಿ ಅನ್ನುವ ಹಾಗೆ.

"ದುಮೆಲಾ ರ್ರಾ. ಬನ್ನಿ, ಬನ್ನಿ. ದಾರಿ ಹೇಗಿತ್ತು?" ಸೆಬೆಗೊ ಐವತ್ತು ದಾಟಿದ, ಮೆದುಮಾತಿನ ಮನುಷ್ಯ. ನನಗೆ ಕುರ್ಚಿ ಹಾಕಿದ. ಬೊಯಿಖುತ್ಸೊ ಅವನ ತಾಯಿಯ ಪಕ್ಕ ಚಾಪೆಯ ಮೇಲೆ ಹೆಂಗಸರು ಕೂರುವಂತೆ ಕಾಲು ನೀಡಿ ಕೂತಳು. ಮುದುಕಿಯ ಒಂದು ಕಾಲಿಗೆ ಬಟ್ಟೆ ಸುತ್ತಿತ್ತು. ಟೀ ಬಂತು, ದೊಡ್ಡ ದೊಡ್ಡ ಲೋಟದಲ್ಲಿ, ಸಕ್ಕರೆ ಸುರಿದು.

ಮಳೆಯಿಂದ ಶುರುಮಾಡಿದೆ. ನಿಮ್ಮ ಕಡೆ ಎಷ್ಟು ಬಂತು, ನಮ್ಮ ಕಡೆ ಎಷ್ಟು ಬಂತು. ಆಮೇಲೆ ದನ. ಆಮೇಲೆ ದನದ ಪೈಕಿ ಯಾವುದು ಗಬ್ಬ. ಆಮೇಲೆ ಮಕ್ಕಳು, ಒಬ್ಬೊಬ್ಬರಾಗಿ. ಮರದ ನೆರಳು ಎಷ್ಟು ಸರಿಯಿತು ಅಂತ ಓರೆಗಣ್ಣಲ್ಲಿ ಅಳೆಯುತ್ತಿದ್ದೆ.

"ತಾಯಿ, ನಿಮ್ಮ ಆರೋಗ್ಯ?"

"ಏನು ಹೇಳ್ಲಪ್ಪಾ, ಈ ಹಾಳು ಕಾಲು," ಅಂದಳು ಮುದುಕಿ. "ಗಾಯ ಮಾಯ್ತಾನೇ ಇಲ್ಲ. ಬೆಳಗ್ಗೆ ಎದ್ದು ಕ್ಲಿನಿಕ್ಕಿಗೆ ಹೋಗಿ ಬಂದ್ವಿ. ನಡ್ಕೊಂಡ್ ಹೋಗ್ತೀನಿ ಅಂದ್ರೆ ಇವ್ನು ಎಲ್ಲಿ ಕೇಳ್ತಾನೆ."

"ಒಳ್ಳೇದು, ಒಳ್ಳೇದು," ಅಂದೆ. "ನಿಮ್ಮ ತವರು ಯಾವ ಕಡೆ?"

ಚಾಪೆಯ ಮೇಲೆ ಬೊಯಿಖುತ್ಸೊಳ ಕಾಲ್ಬೆರಳು ಒಂದೇ ಸಮನೆ ಆಡುತ್ತಿದ್ದವು. "ಮಾವ," ಅಂದಳು.

ಕಣ್ಣು ಬಿಟ್ಟು ನೋಡಿದೆ. ಗೇಟಿನ ಕಡೆ ತಿರುಗಿದಳು.

ಎರಡನೇ ಲೋಟ ಬಂತು. ಮುದುಕಿಯ ತವರಿನ ಕಡೆಯವರನ್ನೆಲ್ಲ ವಿಚಾರಿಸಿದೆ. ಸತ್ತವರನ್ನೂ ಬಿಡಲಿಲ್ಲ. ಒಬ್ಬ ಮುಗಿದರೆ ಇನ್ನೊಬ್ಬ. ಅವಳು ಏನು ಹೇಳಿದಳು ಅಂತ ಈಗ ಕೇಳಿದರೆ ಒಂದು ಹೆಸರೂ ನೆನಪಿಲ್ಲ. ಮುದುಕಿಯ ಮಾತು ಮತ್ತೆ ಕಾಲಿನ ಸುದ್ದಿಗೇ ಬಂತು. ಮಗ ಗಾಡಿ ತೆಗೆದ, ಕ್ಲಿನಿಕ್ಕಿನಲ್ಲಿ ಸಾಲು ಇತ್ತು, ನರ್ಸು ಒಳ್ಳೆಯವಳು, ಇನ್ನೂ ಏನೇನೋ. ನಾನು ತಲೆ ಆಡಿಸುತ್ತಾ ಎಂಜಿನ್ ಬಗ್ಗೆ ಲೆಕ್ಕ ಹಾಕುತ್ತಿದ್ದೆ. ಇನ್ನು ಒಂದು ಗಂಟೆ. ಒಂದೇ ಒಂದು ಗಂಟೆ.

"ಮಾವ, ಸ್ವಲ್ಪ ಇಲ್ಲಿ ಬಾ," ಅಂದಳು ಬೊಯಿಖುತ್ಸೊ.

"ದೊಡ್ಡೋರು ಮಾತಾಡ್ತಾ ಇದ್ದೀವಿ. ಕೂತ್ಕೋ."

ಸೆಬೆಗೊನಿಗೆ ಕೇಳಿಸಿತು. "ಗಾಡಿ ನೋಡ್ತೀರಾ ರ್ರಾ?" ಅಂತ ಅವನೇ ಕೇಳಿದ, ಪಾಪ. "ಗಾಡಿ ಎಲ್ಲಿಗೆ ಓಡಿಹೋಗುತ್ತೆ?" ಅಂದು ನಾನು ಮೂರನೇ ಲೋಟಕ್ಕೆ ಕೈ ಚಾಚಿದೆ. ಬೊಯಿಖುತ್ಸೊ ಎರಡೂ ಕೈಯಿಂದ ಚಾಪೆಯ ಅಂಚು ಹಿಡಿದು ಕೂತಿದ್ದಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಗೇಟಿನಲ್ಲಿ ಫ್ರಾನ್ಸಿಸ್‌ಟೌನಿನವನು ಬಂದ. ಮೂವತ್ತರ ಆಸುಪಾಸು, ಗಡಿಬಿಡಿಯ ಹುಡುಗ, ಹೆಸರು ಒಫೆಂತ್ಸೆ. ನಮಸ್ಕಾರ ಹೇಳುತ್ತಲೇ ಕಣ್ಣು ಗಾಡಿಯ ಚಕ್ರದ ಮೇಲೆ. ಸೆಬೆಗೊ ಅವನನ್ನು ತಡೆದ. "ಮೊದ್ಲು ಬಂದೋರು ಇವ್ರು. ಇವ್ರು ಬೇಡ ಅಂದ್ರೆ ನಿಂಗೆ." ನನ್ನ ಕಡೆ ತಿರುಗಿ, "ರ್ರಾ, ಈಗಲಾದ್ರೂ ನೋಡ್ತೀರಾ?" ಅಂದ.

ಎದ್ದೆ. ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅಲ್ಲಿಗೆ ಸುಮ್ಮನೆ ಕೀಲಿ ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನೋಡುವವರು ನಾಲ್ಕು ಜನ ಇದ್ದರು, ನನ್ನ ಮೂವತ್ತೊಂದು ವರ್ಷದ ಜಂಬ ತುದಿ ನಾಲಗೆಗೆ ಬಂದುಬಿಟ್ಟಿತ್ತು.

"ಈಗ ನೋಡೋಣ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ನಾವು ಬಂದಾಗ ಇದು ಕೆಂಡ ಆಗಿತ್ತು. ಗಿರಾಕಿ ಬರ್ತಾರೆ ಅಂತ ಮುಂಚೇನೇ ಬಿಸಿ ಮಾಡಿ ಇಡೋ ಆಟ ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನಾನೂ ಎಂಜಿನ್ ಹತ್ರ ಕೂದಲು ಬೆಳ್ಳಗೆ ಮಾಡ್ಕೊಂಡೋನೇ. ಈಗ ಶುರು ಮಾಡಿ, ನಿಮ್ಮ ಗಾಡಿಯ ಯೋಗ್ಯತೆ ನೋಡೋಣ."

ಚಾಪೆಯ ಮೇಲಿಂದ ಮುದುಕಿಯ ಧ್ವನಿ ಬಂತು.

"ಕ್ಲಿನಿಕ್ಕಿಗೆ ಅದರಲ್ಲೇ ಹೋಗಿದ್ದು ಅಂತ ಎರಡೆರಡು ಸಲ ಹೇಳಿದ್ನಲ್ಲಪ್ಪಾ. ನೀನೇ ತಾನೇ ಕೇಳಿದ್ದು?"

ನನ್ನ ಕಿವಿ ಬಿಸಿಯಾಯಿತು. ಸೆಬೆಗೊ ಗಾಡಿ ಹತ್ತಿ ಕೀಲಿ ತಿರುಗಿಸಿದ. ಸೆಲ್ಫು ಅರ್ಧ ಸುತ್ತು ತಿರುಗುವುದರೊಳಗೆ ಎಂಜಿನ್ ಹತ್ತಿಕೊಂಡಿತು. ಬಿಳಿ ಹೊಗೆ ಇಲ್ಲ, ನೀಲಿ ಹೊಗೆ ಇಲ್ಲ. ಅವನೇ ಇಳಿದು ಬಂದು ಬಾನೆಟ್ ಎತ್ತಿ ಎಣ್ಣೆ ಮುಚ್ಚಳ ತೆಗೆದು ತೋರಿಸಿದ. ಉಸಿರಿಲ್ಲ. ಅಷ್ಟು ಚೊಕ್ಕಟವಾದ ಹಳೇ ಡೀಸೆಲ್ಲನ್ನು ನಾನು ಹತ್ತು ವರ್ಷದಿಂದ ಕೇಳಿರಲಿಲ್ಲ.

"ರ್ರಾ," ಅಂದ ಸೆಬೆಗೊ, ಅದೇ ಮೆದು ಧ್ವನಿಯಲ್ಲಿ, "ನನ್ನ ಅಂಗಳದಲ್ಲಿ ಕೂತು ಮೂರು ಲೋಟ ಟೀ ಕುಡಿದ್ರಿ. ಮೂರೂ ಲೋಟಾನೂ ನನ್ನ ಕಳ್ಳ ಅಂದ್ಕೊಂಡೇ ಕುಡಿದ್ರಿ. ನಿಮಗೆ ನಾನು ಮಾರಲ್ಲ."

ಕೀಲಿಯನ್ನು ಒಫೆಂತ್ಸೆಯ ಕೈಗೆ ಹಾಕಿದ. ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅವನು ಆಗಲೇ ಬೆನ್ನು ತಿರುಗಿಸಿ ತಾಯಿಯನ್ನು ಎಬ್ಬಿಸುತ್ತಿದ್ದ. ಬೊಯಿಖುತ್ಸೊ ಚಾಪೆಯಿಂದ ಎದ್ದು, ಲೋಟಗಳನ್ನು ಒಟ್ಟುಮಾಡಿ ಅಡುಗೆ ಮನೆಯ ಬಾಗಿಲಲ್ಲಿಟ್ಟು, ಮುದುಕಿಗೆ ಹೋಗಿಬರುತ್ತೇನೆ ಅಂತ ಹೇಳಿ ಹೊರಟಳು.

ಬಸ್ ನಿಲ್ದಾಣದವರೆಗೆ ನಾನು ಅವಳ ಹಿಂದೆ ಹಿಂದೆ ನಡೆದೆ.

"ನಿಂಗೆ ಗೊತ್ತಾಗಿತ್ತಾ?" ಕೊನೆಗೆ ಕೇಳಿದೆ.

"ಮೊದಲ್ನೇ ಲೋಟದಲ್ಲೇ ಗೊತ್ತಾಯ್ತು ಮಾವ."

"ಹೇಳ್ಬಾರ್ದಿತ್ತೇನೇ? ಕೂಗಿ ಹೇಳ್ಬಾರ್ದಿತ್ತಾ?"

"ನೀನೇ ಕೂತಿರು ಅಂದೆ. ನಾನು ಮಾತು ಕೊಟ್ಟಿದ್ದೆ."

ಹುಟ್ಟಿದಾಗಿನಿಂದ ಒಂದು ಕಡೆ ಕೂರದವಳು, ಒಂದೇ ಒಂದು ದಿನ ನನ್ನ ಮಾತು ಕೇಳಿ ಎರಡೂವರೆ ಗಂಟೆ ಕೂತಳು. ಅವಳು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ.

ಎರಡು ದಿನದಲ್ಲಿ ಇನ್ನೊಂದು ಗಾಡಿ ಎಲ್ಲಿ ಸಿಗಬೇಕು? ಅವಳು ಗುರುವಾರವಿಡೀ ಮೂರು ಊರು ಸುತ್ತಿ ಬರಿಗೈಯಲ್ಲಿ ಬಂದಳು. ಶುಕ್ರವಾರ ಬೆಳಗಾಗುವ ಮುಂಚೆ ನಾನು ನನ್ನ ನಾಲ್ಕು ಕತ್ತೆಗಳನ್ನು ಗಾಡಿಗೆ ಕಟ್ಟಿ ಅವಳ ಬಾಗಿಲಿಗೆ ಹೋದೆ. ಕಾಡಿನಿಂದ ಟಾರು ರಸ್ತೆಗೆ ಕತ್ತೆಗಾಡಿಯಲ್ಲಿ ಒಂದೂವರೆ ದಿನದ ದಾರಿ. ಮಳೆ ಅದಕ್ಕಿಂತ ಬೇಗ ಬರಬಹುದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಗಾಡಿ ನೋಡಿದಳು, ಕತ್ತೆ ನೋಡಿದಳು, ಎಪ್ಪತ್ತೊಂದರ ನನ್ನನ್ನು ನೋಡಿದಳು. ಪಾತ್ರೆ, ಉಪ್ಪು, ಖಾಲಿ ಚೀಲ ಗಾಡಿಗೆ ಎಸೆದಳು. ತಾನು ಹತ್ತಲಿಲ್ಲ. ಕತ್ತೆಗಳಿಗಿಂತ ಮುಂದೆ ನಡೆದಳು.

ಹಳ್ಳದ ಏರಿನಲ್ಲಿ ಹಿಂದಿನಿಂದ ಒಂದು ಎಂಜಿನ್ ಶಬ್ದ ಕೇಳಿಸಿತು. ತಿರುಗಿ ನೋಡುವ ಅಗತ್ಯ ಇರಲಿಲ್ಲ, ಕಿವಿಗೆ ಗೊತ್ತಾಯಿತು. ಬಿಳಿ ಪಿಕಪ್ಪು, ಹಿಂದೆ ಎಂಟು ಹೆಂಗಸರು ಹಾಡಿಕೊಂಡು, ಖಾಲಿ ಚೀಲಗಳ ಮೇಲೆ ಕೂತು. ಒಫೆಂತ್ಸೆ ಹಾರನ್ ಹೊಡೆದು ಕೈ ಬೀಸಿದ. ಏರಿನಲ್ಲೂ ಎಂಜಿನ್ ಒಂದು ಸಲ ಕೂಡ ತೊದಲಲಿಲ್ಲ. ಧೂಳಲ್ಲಿ ನಮ್ಮನ್ನು ಮುಳುಗಿಸಿ ಮೊಪಾನೆ ಮರಗಳ ನಡುವೆ ಮರೆಯಾಯಿತು. ನನಗೆ ಅಳು ಬಂತು, ಧೂಳಿನ ನೆಪದಲ್ಲಿ ಕಣ್ಣೊರೆಸಿಕೊಂಡೆ. ಕತ್ತೆಗಳು ಬೆದರಿ ನಿಂತುಬಿಟ್ಟಿದ್ದವು. ನಾನೂ ಹಗ್ಗ, ಕೋಲು ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಬೊಯಿಖುತ್ಸೊ ಮುಂದಿನಿಂದ ಓಡಿ ಬಂದಳು. ಕೋಲು ನನ್ನ ಕೈಯಿಂದ ಕಿತ್ತುಕೊಂಡಳು.

"ಮಾವ, ಕತ್ತೆಗಳ ಮನೇಲಿ ಎಲ್ಲಾ ಕ್ಷೇಮಾನಾ ಅಂತ ಆಮೇಲೆ ವಿಚಾರಿಸ್ಬಹುದು. ಮೋಡ ನೋಡು. ಗಾಡಿ ಹೊಡಿ!"