ಅತ್ತೆಯನ್ನು ಯಾವ ಕಡೆ ಬರೆಯಲಿ

ಗಂಟು ಸಿಕ್ಕಿದ್ದು ಕನ್ನಡಿಯ ಮುಂದೆ. ನನಗಾಗಿ ಹೊಲಿದುಕೊಂಡ ಹೊಸ ಬ್ಲೌಸ್ ಹಾಕಿ ನೋಡುತ್ತಿದ್ದೆ. ಬಲಗಡೆ ಬಿಗಿ ಬಂತು. ಹೊಲಿಗೆ ತಪ್ಪಿರಬೇಕೆಂದು ಬಿಚ್ಚಿ ಮತ್ತೆ ಹೊಲಿದೆ. ಮತ್ತೂ ಬಿಗಿ. ಆಗ ಕೈಯಿಟ್ಟು ನೋಡಿದೆ.

ಎಳೆ ನಿಂಬೆಕಾಯಿಯಷ್ಟು ದಪ್ಪ. ಒತ್ತಿದರೆ ನೋವಿಲ್ಲ.

ಇಂಡಿ ಊರಿನಲ್ಲಿ ನಾನು ಬ್ಲೌಸ್ ಹೊಲಿಯುವವಳು. ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲರ ಎದೆಯಳತೆ ನನಗೆ ಬಾಯಿಪಾಠ. ಯಾರು ಸೊರಗಿದರು, ಯಾರು ಬಸುರಿ, ಅವರ ಮನೆಯವರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಅಳತೆಯನ್ನು ಮಾತ್ರ ವರ್ಷಗಟ್ಟಲೆ ತೆಗೆದಿರಲಿಲ್ಲ.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಮ್ ಆಯಿತು, ಬಯಾಪ್ಸಿ ಆಯಿತು. ಡಾಕ್ಟರು ಹೆಣ್ಣುಮಗಳು, ಕನ್ನಡ ಬಲ್ಲವರು. ರಿಪೋರ್ಟನ್ನು ಎರಡು ಸಲ ಓದಿ ಮಡಚಿಟ್ಟರು.

ಕ್ಯಾನ್ಸರ್.

ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಶಿವಾನಂದ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಡಾಕ್ಟರೇ ಕೇಳಿದರು, "ಫ್ಯಾಮಿಲಿ ಹಿಸ್ಟರಿ ಐತೇನವಾ? ಮನಿತನದಾಗ ಯಾರಿಗರ ಇತ್ತೇನು?"

"ನಮ್ಮವ್ವನ ಕಡೆ ಯಾರಿಗೂ ಇಲ್ರಿ."

"ಅಪ್ಪನ ಕಡೆ?"

ಎದೆಯ ರೋಗ ಅಪ್ಪನ ಕಡೆಯಿಂದ ಬರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಗಂಡಸರು ಗಟ್ಟಿಮುಟ್ಟಾಗಿದ್ದರೂ ಅವರ ಮೂಲಕ ಮಗಳಿಗೆ ಇಳಿಯಬಹುದು ಎಂದರು ಡಾಕ್ಟರು. ಹಾಳೆಯ ಮೇಲೆ ಗಂಡಿಗೊಂದು ಚೌಕ, ಹೆಣ್ಣಿಗೊಂದು ವೃತ್ತ ಬರೆದು, ಗೆರೆ ಎಳೆದು ತೋರಿಸಿದರು. "ಎಲ್ಲಾರನ್ನೂ ಕೇಳಿ ಹಿಂಗ ತುಂಬಕೊಂಡ ಬರ್ರಿ. ಔಷಧ ನಿಮಗ ಹೆಂಗೂ ಕೊಡ್ತೀವಿ. ಇದು ನಿಮ್ಮ ಮಗಳ ಸಲುವಾಗಿ ಬೇಕು."

ನನ್ನ ಮಗಳು ಕಾವೇರಿಗೆ ಹತ್ತೊಂಬತ್ತು.

ಆಪರೇಷನ್ನಿನಲ್ಲಿ ಬಲಗಡೆಯದನ್ನು ಪೂರ್ತಿ ತೆಗೆದರು. ಆಮೇಲೆ ಕೀಮೊ. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ಕಹಿ. ನನ್ನ ಆರೈಕೆಗೆ ನಿಂತವಳು ಅತ್ತೆ ಗೌರವ್ವ. ಅವಳು ನನ್ನ ಅಪ್ಪನ ಕೊನೆಯ ತಂಗಿ. ನಮ್ಮಲ್ಲಿ ಅತ್ತೆಯ ಮಗನಿಗೆ ಕೊಡುವುದು ವಾಡಿಕೆ. ಹಾಗೆ ಅವಳ ಮಗನನ್ನು ಮದುವೆಯಾಗಿ ಈ ಮನೆಗೆ ಬಂದೆ. ಚಿಕ್ಕವಳಿದ್ದಾಗ "ಅತ್ತಿ, ಬಾ" ಎನ್ನುತ್ತಿದ್ದವಳು ಮದುವೆಯಾದ ಮೇಲೆ "ಅತ್ಯಾರ, ಬರ್ರಿ" ಎನ್ನತೊಡಗಿದೆ. ಗಾಯದ ಪಟ್ಟಿ ನೆನೆಯದಂತೆ ಒಂದು ಕೈ ಅಡ್ಡ ಹಿಡಿದು ಇನ್ನೊಂದು ಕೈಯಿಂದ ಅವಳು ನನ್ನ ಮೈ ತೊಳೆಯುತ್ತಿದ್ದಳು. ತಲೆಗೂದಲು ಉದುರಿದ ದಿನ ನಾನು ಅಳುತ್ತಿದ್ದರೆ, "ಇರ್ಲಿ ಬಿಡು, ಎಣ್ಣಿ ಉಳೀತು" ಎಂದಳು. ಅಳುತ್ತಲೇ ನಕ್ಕೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ, ಬ್ಲೌಸಿನ ಕಟಿಂಗ್ ಬರೆಯುವ ಖಾಕಿ ಕಾಗದ ಹಾಸಿಕೊಂಡು ಕೂತೆ. ಮೊದಲು ಅಪ್ಪನ ಚೌಕ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ಅವನ ಅಕ್ಕತಂಗಿಯರು, ಅಜ್ಜನ ತಂಗಿ, ಎಲ್ಲರನ್ನೂ ದೂರದೂರ ಕೊಟ್ಟಿದ್ದರು. ಒಬ್ಬೊಬ್ಬರ ಮನೆಗೆ ಫೋನ್ ಹಚ್ಚಿದೆ.

ಸಿಂದಗಿಗೆ ಕೊಟ್ಟಿದ್ದ ದೊಡ್ಡ ಅತ್ತೆ ಕಾಶಿಬಾಯಿ ಜ್ವರ ಬಂದು ಸತ್ತಳೆಂದೇ ನಾವು ಕೇಳಿದ್ದೆವು. ಅವಳ ಮಗಳು ದನಿ ತಗ್ಗಿಸಿ ಹೇಳಿದಳು, "ಜ್ವರ ಅಲ್ಲವಾ. ಎದಿಯಾಗ ಗಂಟ ಇತ್ತು. ಯಾರ ಮುಂದೂ ಬಾಯಿ ಬಿಡಬ್ಯಾಡ, ನಿಮ್ಮ ಲಗ್ನ ಆಗೂದೈತಿ ಅಂತ ಆಣಿ ಹಾಕಿಸಿಕೊಂಡಿದ್ದಳು."

ಬರೆದ ವೃತ್ತ ಸೊಟ್ಟಗಾಯಿತು.

ಮುದ್ದೇಬಿಹಾಳದ ಶಾಂತತ್ತೆಯದು ಹೊಟ್ಟೆಯ ರೋಗ. ಅವಳ ಮಗ ಶಾಲೆ ಮಾಸ್ತರ, ತಡೆತಡೆದು ಹೇಳಿದ. "ಹೊಟ್ಟ್ಯಾಗ ನೀರ ತುಂಬಿತ್ತಕ್ಕಾ. ಆ ವಯಸ್ಸಿನಾಗ ಮತ್ತ ಬಸುರಾಗ್ಯಾಳಂತ ಮಂದಿ ನಗ್ತಿದ್ರು. ನಾಚಿಕಿಗೆ ಅವ್ವ ಹೊರಗ ಬರೂದ ಬಿಟ್ಟಿದ್ದಳು." ಅದು ಅಂಡಾಶಯದ ಕ್ಯಾನ್ಸರ್ ಇರಬಹುದು, ಅದೂ ಎದೆಯದೂ ಒಂದೇ ಬೇರಿನಿಂದ ಬರುವುದುಂಟು ಎಂದು ಆಮೇಲೆ ಡಾಕ್ಟರು ಹೇಳಿದರು. ಬಸವನ ಬಾಗೇವಾಡಿಗೆ ಕೊಟ್ಟಿದ್ದ ಅಜ್ಜನ ತಂಗಿ ನೀಲವ್ವನನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರಂತೆ. ಎದೆಯ ಹುಣ್ಣಿನ ನಾತಕ್ಕೆ. ದೇವರ ಸಿಟ್ಟು ಎಂದಿದ್ದರಂತೆ.

ನಮ್ಮದು ನೆಂಟರಿಷ್ಟರು ಸದಾ ಬಂದು ಹೋಗುವ ಮನೆತನ. ಮದುವೆಗೆ ಯಾರು ಎಂಥ ಸೀರೆ ಮುಯ್ಯಿ ತಂದರೆಂಬುದು ಮೂರು ತಲೆಮಾರಿನವರಿಗೂ ನೆನಪಿರುತ್ತದೆ. ಇಷ್ಟೊಂದು ಹೆಂಗಸರು ಹೇಗೆ ಸತ್ತರೆಂಬುದು ಒಬ್ಬರಿಗೂ ಗೊತ್ತಿಲ್ಲ! ನನಗೆ ಎಂಥ ಸಿಟ್ಟು ಬಂತೆಂದರೆ ಕತ್ತರಿಯನ್ನು ಗೋಡೆಗೆ ಎಸೆದೆ.

ಆ ವಾರವೇ ಅಗರಖೇಡದ ತವರಿನಿಂದ ನನ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ಹೆಳವರು ಬಂದಾರ. ನೀ ವಂಶಾವಳಿ ಕೇಳಾಕತ್ತಿದ್ಯಲ್ಲ, ತಗೊ." ಹೆಳವರು ಮನೆಮನೆಗೆ ಬಂದು ಆ ಮನೆತನದ ಹಿರಿಯರ ಹೆಸರುಗಳನ್ನು ಹೇಳುವವರು, ನಾವು ಕಾಳು ಕೊಟ್ಟು ಕಳಿಸುತ್ತೇವೆ. ಮುದುಕನ ದನಿ ಫೋನಿನಲ್ಲೂ ಗಂಟೆ ಹೊಡೆದಂತಿತ್ತು. ನನ್ನ ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ತಮ್ಮನ ಮಗನವರೆಗೆ, ಇಂಥವನ ಮಗ ಇಂಥವನು ಎನ್ನುತ್ತ ಉಸಿರು ಬಿಡದೆ ಹೇಳಿದ.

"ಹೆಣ್ಣಮಕ್ಕಳದು ಹೇಳ್ರಿ ಯಜ್ಜಾ," ಎಂದೆ.

"ಕೊಟ್ಟ ಹೆಣ್ಣ ಕೊಟ್ಟ ಮನಿಗೆ ಹ್ವಾದರಲ್ಲವಾ ತಾಯಿ. ಅವರು ಇಲ್ಲಿ ಬರೂದಿಲ್ಲ."

"ಕೊಟ್ಟ ಮನಿಯಾಗರ ಹೇಳ್ತಾರೇನ್ರಿ?"

"ಅಲ್ಲಿ ಅವರ ಗಂಡಸೂರದು ಹೇಳ್ತೀವಿ," ಎಂದ. ಪಾಪ, ಅವನೇನು ಮಾಡಿಯಾನು.

ಮರುದಿನ ಮುಂಜಾನೆ ಕಾವೇರಿ ಖಾಕಿ ಕಾಗದ ನೋಡುತ್ತ ಕೂತಿದ್ದಳು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಅಗರಖೇಡದ ಅಜ್ಜಗ ಮೂರು ಮಂದಿ ಅಕ್ಕತಂಗ್ಯಾರಲ್ಲ? ಇಲ್ಲಿ ಇಬ್ಬರ ಅದಾರ."

"ಮೂರನೇದಾಕಿ ಯಾರ?" ಎಂದೆ. ನಿಜವಾಗಿಯೂ ಹಾಗೆಂದೆ.

"ಆಯಿ! ಒಳಗ ರೊಟ್ಟಿ ಬಡ್ಯಾಕತ್ತಾಳಲ್ಲ, ಆಯಿ."

ಅತ್ತೆಯನ್ನು ನಾನು ಗಂಡನ ತಾಯಿ ಎಂದು ಅವರ ಮನೆತನದ ಕಡೆ ಹಾಕಿಬಿಟ್ಟಿದ್ದೆ. ನನ್ನ ಅಪ್ಪನ ಒಡಹುಟ್ಟಿದವಳನ್ನು. ಊರೂರಿಗೆ ಫೋನ್ ಹಚ್ಚಿದವಳು ಗೋಡೆಯ ಆಚೆಗಿದ್ದವಳನ್ನು ಕೇಳಿರಲಿಲ್ಲ.

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಆಗ ನೆನಪಾಯಿತು. ಶ್ರಾವಣದಲ್ಲಿ ಅತ್ತೆ ತನ್ನ ಕುಪ್ಪಸ ತಂದು, ತೊಳೆದಾಗ ಕುಗ್ಗಿದೆ, ಸ್ವಲ್ಪ ಬಿಡು ಎಂದಿದ್ದಳು. ಕೀಮೊ ಸಂಕಟದಲ್ಲಿ ಅಳತೆ ನೋಡದೆ, ಅವಳು ಹೇಳಿದಂತೆ ಹೊಲಿಗೆ ಬಿಚ್ಚಿಕೊಟ್ಟಿದ್ದೆ. ಎಡಗಡೆ ಮಾತ್ರ.

ಎದ್ದು ಒಳಗೆ ಹೋದೆ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅತ್ತೆ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದಳು.

"ಅತ್ತಿ, ತೋರಸು," ಎಂದೆ. ಮದುವೆಯಾದ ಮೇಲೆ ಮೊದಲ ಸಲ ಏಕವಚನ ಬಂತು.

ಅವಳು ಸೆರಗು ಸರಿಸಿದಳು. ನನ್ನದಕ್ಕಿಂತ ದೊಡ್ಡದಿತ್ತು.

"ಯಾವಾಗಿಂದ?"

"ನಿನಗ ಆಪರೇಷನ್ ಆದಾಗಿಂದ ಗೊತ್ತೈತಿ. ನಿಂದ ಮುಗೀಲಿ ಅಂತ ಸುಮ್ಮನಿದ್ದೆ. ಇಬ್ಬರೂ ಹಾಸಗಿ ಹಿಡದ್ರ ರೊಟ್ಟಿ ಯಾರ ಬಡೀತಾರ?"

ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ. ನನ್ನ ಮೈ ತೊಳೆದ ಕೈ, ತನ್ನ ಗಂಟನ್ನು ಮುಟ್ಟಿ ನೋಡಿಕೊಂಡ ಕೈ, ಒಂದೇ. ಆಮೇಲೆ ಅವಳನ್ನು ಚೆನ್ನಾಗಿ ಬೈದೆ. ಅವಳೂ ತಿರುಗಿ ಬೈದಳು. ಕಾವೇರಿ ಹೆಂಚು ಇಳಿಸಿ ಒಲೆ ಆರಿಸಿದಳು.

ಕಾಗದದ ಮೇಲೆ ಅತ್ತೆಯ ವೃತ್ತ ಬರೆದೆ. ಅದರಿಂದ ಒಂದು ಗೆರೆ ಅಪ್ಪನ ಪಕ್ಕಕ್ಕೆ, ಇನ್ನೊಂದು ನನ್ನ ಗಂಡನಿಗೆ. ನನ್ನಿಂದ ಒಂದು ಗೆರೆ, ಗಂಡನಿಂದ ಒಂದು ಗೆರೆ, ಎರಡೂ ಕಾವೇರಿಗೆ. ಎರಡು ಕಡೆಯಿಂದ.

ಸೊಲ್ಲಾಪುರದ ಡಾಕ್ಟರು ಅತ್ತೆಯದು ತಡವಾಗಿದೆ, ಆದರೆ ಕೈಮೀರಿಲ್ಲ ಎಂದಿದ್ದಾರೆ. ನಮ್ಮಿಬ್ಬರ ರಕ್ತ ಪರೀಕ್ಷೆಗೆ ಹೋಗಿದೆ, ವರದಿ ಬಂದಿಲ್ಲ. ಬಂದ ಮೇಲೆ ಕಾವೇರಿಯದು ನೋಡೋಣ, ಮೊದಲೇ ಗೊತ್ತಾದರೆ ಕಾಪಾಡಬಹುದು ಎಂದರು. ಇಷ್ಟು ವರ್ಷ ನಮ್ಮ ಮನೆಯ ಯಾವ ಹೆಣ್ಣಿಗೂ ಸಿಗದ ಮಾತು ಅದು. ಅದಕ್ಕೇ ಕೈ ಮುಗಿದು ಬಂದೆ.

ಅತ್ತೆಯ ಆಪರೇಷನ್ನಿಗೆ ಮೊದಲು ಕಾವೇರಿ ಫೋನನ್ನು ಅವಳ ಮಂಚದ ಮೇಲಿಟ್ಟು, "ಆಯಿ, ಎಲ್ಲಾ ನೀನ ಹೇಳು, ರೆಕಾರ್ಡ್ ಮಾಡ್ತೇನಿ" ಎಂದಳು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಹೆಳವರ ಧಾಟಿಯಲ್ಲೇ ಶುರುಮಾಡಿದಳು.

"ಅಗರಖೇಡದ ಮನಿ. ಬಾಗೇವಾಡಿಗೆ ಕೊಟ್ಟ ನೀಲವ್ವ, ಎದಿ ಗಂಟಿನಿಂದ ಹ್ವಾದಳು. ಸಿಂದಗಿಗೆ ಕೊಟ್ಟ ಕಾಶಿಬಾಯಿ, ಎದಿ ಗಂಟಿನಿಂದ ಹ್ವಾದಳು. ಮುದ್ದೇಬಿಹಾಳಕ್ಕ ಕೊಟ್ಟ ಶಾಂತವ್ವ, ಹೊಟ್ಟಿಯಿಂದ ಹ್ವಾದಳು. ಇಂಡಿಗೆ ಕೊಟ್ಟ ಗೌರವ್ವ, ಎದಿ ಗಂಟ ಐತಿ, ಅದಾಳ. ನಮ್ಮಣ್ಣನ ಮಗಳು ಮಾದೇವಿ, ಎದಿ ಗಂಟ ಇತ್ತು, ತಗಿಸ್ಯಾಳ, ಅದಾಳ. ಆಕಿ ಮಗಳು ಕಾವೇರಿ..."

ಅಲ್ಲಿಗೆ ಅತ್ತೆಯ ದನಿ ನಿಂತಿತು. ನನ್ನನ್ನು ನೋಡಿದಳು.

ಕಾವೇರಿ ಫೋನಿನ ಹತ್ತಿರ ಬಗ್ಗಿ, "ನಾನೂ ಅದೇನಿ," ಎಂದಳು.